ಮೂವತ್ತೇಳನೆಯ ಫೋಟೋ

ಹೋದ ತಿಂಗಳು ಒಂದು ಭಾನುವಾರ, ನೆದರ್ಲೆಂಡ್ಸಿನ ವೆಲ್ಡ್‌ಹೋವನ್‌ನಲ್ಲಿರುವ ಮಗಳ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ಅವಳು ಫೋನನ್ನು ತಂದು ನನ್ನ ಮುಖದ ಮುಂದೆ ಹಿಡಿದಳು.

"ಅಪ್ಪಾ, ಇಲ್ಲೆ ನೋಡ್ರಿ. ಆಮ್‌ಸ್ಟರ್‌ಡ್ಯಾಮ್ ಮೆಟ್ರೋ, ಹಳೇ ಕಾಲದ್ದು. ಎಕ್ಸಿಬಿಷನ್ ಇಟ್ಟಾರಂತ. ಎಷ್ಟ್ ಕೂಲ್ ಅದಾವಲ್ಲ?"

ಚಿತ್ರದಲ್ಲಿ ಒಂದು ಮೆಟ್ರೋ ಡಬ್ಬಿ ಇತ್ತು. ಚಕ್ರದಿಂದ ಮಾಡಿನವರೆಗೂ ಬಣ್ಣ. ಕಿಟಕಿ ಯಾವುದು, ತಗಡು ಯಾವುದು ತಿಳಿಯದ ಹಾಗೆ ಉಬ್ಬಿದ ಅಕ್ಷರಗಳು ಒಂದರ ಮೇಲೊಂದು ಏರಿ ಕೂತಿದ್ದವು. ಕೆಳಗಿನ ಮೂಲೆಯಲ್ಲಿ ಡಬ್ಬಿಯ ನಂಬರು ಬರೆದ ಕರಿ ಪಾಟಿ, ಆ ಪಾಟಿಯನ್ನು ಹಿಡಿದ ಎಡಗೈಯ ಹೆಬ್ಬೆರಳು. ಹೆಬ್ಬೆರಳಿಗೆ ತುದಿ ಇರಲಿಲ್ಲ. ಫೋಟೋ ತೆಗೆದವರು ಯಾರೆಂದು ತಿಳಿದಿಲ್ಲ ಅಂತ ಕೆಳಗೆ ಡಚ್ಚಿನಲ್ಲಿ ಬರೆದಿತ್ತು.

ನಾನು ನನ್ನ ಎಡಗೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದೆ.

ಆ ತುದಿಯನ್ನು ತಿಂದದ್ದು ಹುಬ್ಬಳ್ಳಿಯ ಒಂದು ಫೋಟೋ ಸ್ಟುಡಿಯೋದ ಪೇಪರ್ ಕಟರ್. ಏಳನೇ ಇಯತ್ತೆ ಮುಗಿಸದೆ ಶಾಲೆ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಕೆಂಪು ದೀಪದ ಕತ್ತಲ ಕೋಣೆಯಲ್ಲಿ, ನೀರಿನೊಳಗಿನ ಬಿಳಿ ಕಾಗದದ ಮೇಲೆ ಮನುಷ್ಯನ ಮುಖ ಎದ್ದು ಬರುವುದನ್ನು ಒಮ್ಮೆ ನೋಡಿದ ಮೇಲೆ ಲೆಕ್ಕದ ಮಾಸ್ತರರ ಮುಖ ನೋಡುವ ಮನಸ್ಸು ಬರಲಿಲ್ಲ. ಹನ್ನೊಂದು ವರ್ಷ ಅಲ್ಲಿ ದುಡಿದೆ. ಮಾಲಕರು ಬೈದು ಕಲಿಸಿದರು, ಹೊಡೆದೂ ಕಲಿಸಿದರು. ಆದರೆ ಕೆಲಸ ಬರುವುದಿಲ್ಲ ಅಂತ ನನ್ನನ್ನು ಅನ್ನಲು ಅವರಿಗೂ ಆಗಲಿಲ್ಲ.

ಆ ಸ್ಟುಡಿಯೋದಲ್ಲಿ ಒಂದು ರೂಢಿ ಇತ್ತು. ರೀಲಿನ ಮೇಲೆ ಮೂವತ್ತಾರು ಫೋಟೋ ಅಂತ ಬರೆದಿರುತ್ತಿತ್ತು. ಫಿಲ್ಮಿನ ತುದಿಯನ್ನು ವ್ಯರ್ಥ ಮಾಡದೆ, ಒಳಗಿನ ಚಕ್ರದ ಒಂದೇ ಹಲ್ಲು ಕಚ್ಚುವಷ್ಟು ಎಳೆದು ಕ್ಯಾಮೆರಾಕ್ಕೆ ತೊಡಿಸಿದರೆ ಮೂವತ್ತೇಳನೆಯದು ಸಿಗುತ್ತಿತ್ತು. ಆ ಮೂವತ್ತೇಳನೆಯದು ರೀಲು ತೊಡಿಸಿದವನದು. ಗಿರಾಕಿಯದಲ್ಲ, ಮಾಲಕರದೂ ಅಲ್ಲ. ನನ್ನ ಅವ್ವನ ಫೋಟೋ, ನನ್ನ ಮದುವೆಯ ಫೋಟೋ, ಎಲ್ಲವೂ ಮೂವತ್ತೇಳನೆಯವೇ. ಈ ರೂಢಿಯನ್ನು ನಾನು ನನ್ನ ಪೆಟ್ಟಿಗೆಯ ಜೊತೆಗೇ ಆಮ್‌ಸ್ಟರ್‌ಡ್ಯಾಮಿಗೂ ತಂದೆ.

ಬಂದದ್ದು ಹೆಂಡತಿಯ ಹಿಂದೆ. ಅವಳು ನರ್ಸು. ಇಲ್ಲಿಯ ಆಸ್ಪತ್ರೆ ಅವಳನ್ನು ಕರೆಸಿಕೊಂಡಿತು, ನಾನು ಅವಳ ಕಾಗದಕ್ಕೆ ಪಿನ್ನು ಹಾಕಿದ ಇನ್ನೊಂದು ಕಾಗದದಂತೆ ಬಂದೆ. ವರ್ಷಕ್ಕೊಮ್ಮೆ ಪರದೇಶದವರ ಪೊಲೀಸ್ ಕಚೇರಿಗೆ ಹೋಗಿ, ಇನ್ನೊಂದು ವರ್ಷ ಇಲ್ಲಿರಬಹುದು ಅಂತ ಠಸ್ಸೆ ಹೊಡೆಸಿಕೊಳ್ಳಬೇಕಿತ್ತು. ಪೊಲೀಸರ ಪುಸ್ತಕದಲ್ಲಿ ಹೆಸರು ಬಿದ್ದವನಿಗೆ ಠಸ್ಸೆ ಇಲ್ಲ, ವಾಪಸ್ ವಿಮಾನವೇ ಅಂತ ಕೇಳಿದ್ದೆ. ಅವಳ ಪಗಾರದಲ್ಲಿ ಕೂತು ತಿನ್ನುವ ಜಾತಿಯವನಲ್ಲ ನಾನು. ಆರನೇ ವಾರಕ್ಕೇ ಕೆಲಸ ಹಿಡಿದೆ. ಮೆಟ್ರೋ ಡಬ್ಬಿಗಳ ಮೇಲಿನ ಬಣ್ಣ ತಿಕ್ಕಿ ತೆಗೆಯುವ ಗುತ್ತಿಗೆದಾರನ ಕೈಕೆಳಗೆ.

ಇವತ್ತಿನವರು ಆ ಬಣ್ಣವನ್ನು ಕಲೆ ಅನ್ನುತ್ತಾರೆ. ಅನ್ನಲಿ. ಕೆಲವು ಅಕ್ಷರಗಳ ತಿರುವು ನೋಡಿ ನನ್ನ ಕೈಯೂ ಒಂದು ಗಳಿಗೆ ನಿಂತದ್ದಿದೆ. ಆದರೆ ಒಳಗೆ ಕೂತು ಹೋಗುವವನ ಪಾಡು ಬೇರೆ. ಗಾಜಿನ ಮೇಲೆಲ್ಲ ಬಣ್ಣ ಬಳಿದಿದ್ದರಿಂದ ಯಾವ ನಿಲ್ದಾಣ ಬಂತೆಂದು ಕಾಣುತ್ತಿರಲಿಲ್ಲ. ನಾನು ಬೆರಳು ಮಡಚುತ್ತ ಎಣಿಸುತ್ತಿದ್ದೆ. ಏಳನೆಯ ಸಲ ಬಾಗಿಲು ತೆರೆದಾಗ ಇಳಿಯಬೇಕು. ಅರ್ಧ ದೀಪಗಳು ಒಡೆದಿರುತ್ತಿದ್ದವು. ಸೀಟುಗಳನ್ನು ಚಾಕುವಿನಿಂದ ಸೀಳಿ ಸ್ಪಂಜು ಹೊರಗೆ ಕಿತ್ತಿರುತ್ತಿದ್ದರು. ಮೂಲೆಯಲ್ಲಿ ಯಾರಾದರೊಬ್ಬ ತೋಳು ಮೇಲೇರಿಸಿಕೊಂಡು ನರ ಹುಡುಕುತ್ತ ಕೂತಿರುತ್ತಿದ್ದ. ಎಲ್ಲರೂ ತಮ್ಮ ತಮ್ಮ ಬೂಟು ನೋಡುತ್ತ ಕೂರುತ್ತಿದ್ದರು. ನಾನೂ ಬೂಟು ನೋಡುವುದನ್ನು ಕಲಿತೆ.

ಒಮ್ಮೆ ಮಾತ್ರ ತಪ್ಪು ಮಾಡಿದೆ. ಊರು ಬಿಡುವಾಗ ಮಾಲಕರು ಕೊಟ್ಟಿದ್ದ ಹಳೆಯ ಕ್ಯಾಮೆರಾ ಕೋಟಿನೊಳಗಿತ್ತು. ಎದುರಿನ ಮುದುಕಿ, ಅವಳ ತಲೆಯ ಹಿಂದೆ ಗೋಡೆಯ ಮೇಲೆ ಬಾಯಿ ತೆರೆದ ಒಂದು ಕೆಂಪು ಅಕ್ಷರ. ಕೈ ತಡೆಯಲಿಲ್ಲ, ತೆಗೆದೆ. ಕೂಡಲೇ ಪಕ್ಕದಲ್ಲಿದ್ದ ಒಬ್ಬ ಎದ್ದು ಬಂದು ಲೆನ್ಸಿನ ಮೇಲೆ ಅಂಗೈ ಇಟ್ಟ. ಬೈಯಲಿಲ್ಲ, ಕಸಿದುಕೊಳ್ಳಲೂ ಇಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಯ ಆ ಕೈಯನ್ನು ಮೂರು ನಿಲ್ದಾಣ ಕಳೆಯುವವರೆಗೆ ಹಾಗೇ ಒತ್ತಿ ಹಿಡಿದು, ನನ್ನ ಕಣ್ಣನ್ನೇ ನೋಡುತ್ತ ನಿಂತ. ಆಮೇಲೆ ಇಳಿದು ಹೋದ. ಅವನು ಒತ್ತಿದ ಒತ್ತಿಗೆ ಲೆನ್ಸಿನ ಬಳೆ ಸಿಕ್ಕಿಕೊಂಡಿತು, ಮತ್ತೆ ತಿರುಗಲಿಲ್ಲ. ಕ್ಯಾಮೆರಾ ಪೆಟ್ಟಿಗೆ ಸೇರಿತು.

ಕೆಲಸದ ಜಾಗ ಮೆಟ್ರೋ ಗಾಡಿಗಳು ತಂಗುವ ಯಾರ್ಡು. ನಮ್ಮ ಗ್ಯಾಂಗಿನ ಮೇಲೆ ನಿಗಾ ಇಡುವ ಮುಕಾದಮ ಡಚ್ಚರ ಹಳೆಯ ವಸಾಹತು ಸುರಿನಾಮಿನವನು. ಅವನ ಹಿರಿಯರು ಕಬ್ಬಿನ ತೋಟಕ್ಕೆಂದು ಹಡಗು ಹತ್ತಿದ ಬಿಹಾರದ ಕಡೆಯವರಂತೆ. ಅವನ ಹಳೇ ಕಾಲದ ಹಿಂದಿಯೂ ನನ್ನ ಹುಬ್ಬಳ್ಳಿ ಹಿಂದಿಯೂ ಹೇಗೋ ಹೊಂದಿಕೊಂಡವು. ಅವನ ಮಾತು ನನ್ನ ಕಿವಿಗೆ ನಮ್ಮ ಕಡೆಯವರ ಮಾತಿನಂತೆಯೇ ಕೇಳುತ್ತಿದ್ದುದರಿಂದ ಹಾಗೇ ಬರೆಯುತ್ತೇನೆ.

ತಿಕ್ಕುವ ಮೊದಲು ಪ್ರತಿ ಡಬ್ಬಿಯ ಫೋಟೋ ತೆಗೆಯಬೇಕೆಂಬುದು ನಿಯಮ. ಬಣ್ಣ ಬಳಿಯುವವರು ಒಬ್ಬೊಬ್ಬರೂ ತಮ್ಮದೇ ಸಹಿ ಹಾಕುತ್ತಿದ್ದರು. ಆ ಸಹಿಗಳ ಫೋಟೋ ಪೊಲೀಸರಿಗೆ ಬೇಕಿತ್ತು. ಅದಕ್ಕೆಂದು ಕಂಪನಿ ಒಂದು ಕ್ಯಾಮೆರಾ ಕೊಟ್ಟಿತ್ತು. ಮುಕಾದಮ ತೆಗೆದ ಫೋಟೋಗಳಲ್ಲಿ ಡಬ್ಬಿಗಿಂತ ಆಕಾಶವೇ ಹೆಚ್ಚು. ಒಂದು ದಿನ ನಾನು ಅವನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ಒಂದು ಡಬ್ಬಿಯ ಫೋಟೋ ತೆಗೆದೆ. ಮುಂದಿನ ವಾರ ಪ್ರಿಂಟು ಬಂದವು. ಅವನು ಅದನ್ನು ನೋಡಿ, ನನ್ನನ್ನು ನೋಡಿ, ಕ್ಯಾಮೆರಾದ ಪಟ್ಟಿಯನ್ನು ನನ್ನ ಕೊರಳಿಗೆ ಹಾಕಿದ.

"ಭಾಯಿ, ನೀನು ಬ್ರಶ್ ಹಿಡಿಯೋ ಆಸಾಮಿ ಅಲ್ಲ," ಅಂದ.

"ಬ್ರಶ್ಶೂ ನಿನಗಿಂತ ಚೆಂದ ಹಿಡೀತೀನಿ," ಅಂದೆ.

ಎಡಗೈಯಲ್ಲಿ ಪಾಟಿ, ಬಲಗೈಯಲ್ಲಿ ಕ್ಯಾಮೆರಾ. ಉಸಿರು ಬಿಗಿಹಿಡಿದು ಒತ್ತುತ್ತಿದ್ದೆ. ಓಡುವ ಗಾಡಿಯಲ್ಲಿ ಹೆದರಿ ತೆಗೆಯಲಾಗದ್ದನ್ನು ಯಾರ್ಡಿನ ನಿಂತ ಗಾಡಿಯಲ್ಲಿ ತೆಗೆದೆ. ಸೀಳಿದ ಸೀಟು, ಕಾಲ ಕೆಳಗಿನ ಸೂಜಿ, ಬಾಗಿಲ ಮೇಲೆ ಒಂದರೊಳಗೊಂದು ಹೆಣೆದ ಹೆಸರುಗಳು. ಪ್ರತಿ ಶುಕ್ರವಾರ ರೀಲು ಲಕೋಟೆಯಲ್ಲಿ ಆಫೀಸಿಗೆ ಹೋಗುತ್ತಿತ್ತು. ಮೂವತ್ತೇಳನೆಯದನ್ನು ನಾನು ನನ್ನವರಿಗೆ ಇಟ್ಟುಕೊಂಡೆ. ಮುಕಾದಮ ಚಹಾ ಕುಡಿಯುವುದು, ನಮ್ಮ ಗ್ಯಾಂಗಿನವರು ವಾಸನೆಗೆ ಮುಖವಾಡ ಹಾಕಿಕೊಂಡು ಸಾಲಾಗಿ ನಿಂತದ್ದು. ಆಫೀಸಿನ ಹೆಣ್ಣುಮಗಳು ಆ ಒಂದು ಪ್ರಿಂಟನ್ನು ಬೇರೆ ತೆಗೆದು ಹೊಸ ರೀಲಿನ ಜೊತೆ ನನಗೇ ಕಳಿಸುತ್ತಿದ್ದಳು. ಅವಳಿಗೂ ರೂಢಿ ಗೊತ್ತಾಯಿತು ಅಂದುಕೊಂಡೆ.

ಆಗ ಹುಬ್ಬಳ್ಳಿಯಿಂದ ಮಾಲಕರ ಪತ್ರ ಬಂತು. "ಲಂಡನ್ನು, ಪ್ಯಾರಿಸ್ಸು ಅಂತ ಪರದೆ ಬರೆಸಿ ಅದರ ಮುಂದ ಮಂದೀನ್ನ ನಿಲ್ಲಿಸಿದವರು ನಾವು. ನೀ ಖರೇನ ಹೋಗೀ. ಅಲ್ಲೇ ನಿಂತು ಒಂದು ಫೋಟೋ ತಗಸಿ ಕಳಸು. ಷೋಕೇಸಿನ ನಡುವಿನ ಜಾಗಾ ಖಾಲಿ ಇಟ್ಟೀನಿ."

ಆ ಷೋಕೇಸಿನ ಗಾಜು ಹನ್ನೊಂದು ವರ್ಷ ಒರೆಸಿದವನು ನಾನು. ನಡುವಿನ ಜಾಗ ಊರಿನ ದೊಡ್ಡ ಮನೆತನದ ಮದುಮಕ್ಕಳಿಗೆ ಮೀಸಲು. ಪತ್ರವನ್ನು ನಾಲ್ಕು ಸಲ ಓದಿದೆ.

ಶುಕ್ರವಾರ ಕೆಲಸಕ್ಕೆ ಹೋಗುವಾಗ ಮದುವೆಯ ಕೋಟು ಮತ್ತು ಟೈಯನ್ನು ಚೀಲದಲ್ಲಿ ಒಯ್ದೆ. ಮಧ್ಯಾಹ್ನ ರೀಲಿನಲ್ಲಿ ಒಂದೇ ಉಳಿಯಿತು. ಎದುರಿಗೆ ಹಸಿರು, ಬೆಳ್ಳಿ ಅಕ್ಷರಗಳು ತುಂಬಿದ ಒಂದು ಭಾರಿ ಡಬ್ಬಿ ಇತ್ತು. ಟೈ ಕಟ್ಟಿ, ತಲೆ ಬಾಚಿ ಅದರ ಮುಂದೆ ನಿಂತೆ. ಆದರೆ ಕೈ ಖಾಲಿ. ನಮ್ಮ ಸ್ಟುಡಿಯೋದಲ್ಲಿ ಖಾಲಿ ಕೈಯಲ್ಲಿ ಯಾರನ್ನೂ ನಿಲ್ಲಿಸುತ್ತಿರಲಿಲ್ಲ. ಹುಡುಗಿಗೆ ಪ್ಲಾಸ್ಟಿಕ್ ಹೂವು, ಗಂಡಸಿಗೆ ವೈರಿಲ್ಲದ ಟೆಲಿಫೋನು, ಮದುಮಗನಿಗೆ ಎಂಜಿನ್ನಿಲ್ಲದ ಮೋಟರ್‌ಸೈಕಲ್ಲು. ಸುತ್ತ ನೋಡಿದೆ. ಬೆಳಿಗ್ಗೆ ಸೀಟಿನ ಕೆಳಗೆ ಸಿಕ್ಕ ಬಣ್ಣ ಊದುವ ಡಬ್ಬವೊಂದು ಕಸದ ಬುಟ್ಟಿಯ ಮೇಲಿತ್ತು. ಅದನ್ನು ತೆಗೆದುಕೊಂಡು, ಕೊನೆಯ ಅಕ್ಷರವನ್ನು ಈಗಷ್ಟೇ ಬರೆದು ಮುಗಿಸಿದವನಂತೆ ಕೈ ಚಾಚಿ, ಗಲ್ಲ ಎತ್ತಿ ನಕ್ಕೆ.

"ಹೂಂ, ಒತ್ತು," ಅಂದೆ ಮುಕಾದಮನಿಗೆ. "ಪಾದ ಬರಬೇಕು. ಪಾದ ಕತ್ತರಿಸಬ್ಯಾಡ."

"ರಾಜಾಸಾಹೇಬರ ಹಂಗ ಕಾಣ್ತೀ," ಅಂತ ಅವನು ಒತ್ತಿದ.

ಸಂಜೆ ಲಕೋಟೆ ಹೋಯಿತು.

ಸೋಮವಾರ ಯಾರ್ಡಿನ ಗೇಟಿನಲ್ಲಿ ಪೊಲೀಸ್ ಗಾಡಿ ನಿಂತಿತ್ತು. ಒಳಗೆ, ಬೀಗ ಹಾಕಿದ ಬೇಲಿಯೊಳಗೇ, ಶನಿವಾರ ಭಾನುವಾರದ ರಜೆಯಲ್ಲಿ ಒಂದಿಡೀ ಮೆಟ್ರೋ ಗಾಡಿಗೆ ಈ ತುದಿಯಿಂದ ಆ ತುದಿಗೆ ಬಣ್ಣ ಬಳಿದಿದ್ದರು. ಬೇಲಿ ಎಲ್ಲೂ ಕತ್ತರಿಸಿರಲಿಲ್ಲ. ಬೀಗ ಒಡೆದಿರಲಿಲ್ಲ.

ಮುಕಾದಮ ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದ. "ಒಳಗಿನವರದೇ ಕೈ ಅಂತ ಹೇಳಾಕತ್ತಾರ. ಶುಕ್ರವಾರದ ರೀಲು ಆಫೀಸಿನಿಂದ ಸೀದಾ ಪೊಲೀಸರು ಒಯ್ದಾರ. ತೊಳೆಸೋದೂ ಅವರೇ, ನೋಡೋದೂ ಅವರೇ."

"ಆ ಮೂವತ್ತೇಳನೇದು," ಅಂದೆ.

"ಹೌದು."

"ನೀನ ಒತ್ತಿದ್ದು. ನೀ ಹೇಳಬೇಕು."

ಅವನು ಸಿಗರೇಟು ಹಚ್ಚಿದ. "ಭಾಯಿ, ಫೋಟೋದಾಗ ಇರಾಂವ ನೀನು. ತೆಗೆದವನ ಮಾರಿ ಫೋಟೋದಾಗ ಬರಂಗಿಲ್ಲ."

ಗುರುವಾರ ನನ್ನ ಠಸ್ಸೆಯ ದಿನ.

ಆ ಮೂರು ದಿನ ನನ್ನನ್ನು ತಿಂದದ್ದು ಒಂದೇ ಪ್ರಶ್ನೆ. ಡಬ್ಬದ ಮುಚ್ಚಳ. ಮುಚ್ಚಳ ಇದ್ದರೆ ಅದು ಆಟದ ಸಾಮಾನು, ತೆಗೆದಿದ್ದರೆ ಕಳ್ಳನ ಆಯುಧ. ಕೈ ಚಾಚಿದ್ದು ನೆನಪಿತ್ತು, ಗಲ್ಲ ಎತ್ತಿದ್ದು ನೆನಪಿತ್ತು. ಮುಚ್ಚಳ ಮಾತ್ರ ನೆನಪಾಗಲಿಲ್ಲ. ಒಮ್ಮೆ ಕೆಂಪು ಮುಚ್ಚಳ ಕಣ್ಣಿಗೆ ಕಟ್ಟುತ್ತಿತ್ತು, ಮರುಗಳಿಗೆ ಬರಿಯ ಬಿಳಿ ನಳಿಕೆ. ಮೆಟ್ರೋದಲ್ಲಿ ಕೂತರೆ ಎಣಿಕೆ ತಪ್ಪಿತು. ಮಂಗಳವಾರ ಎರಡು ನಿಲ್ದಾಣ ಮುಂದೆ ಹೋಗಿ ಇಳಿದೆ. ಬಣ್ಣ ಬಳಿದ ಕಿಟಕಿಯ ಆಚೆ ಯಾರೋ ನನಗಾಗಿಯೇ ಕಾಯುತ್ತಿರಬಹುದು ಅನ್ನಿಸಿ, ಬಾಗಿಲು ತೆರೆದಾಗಲೆಲ್ಲ ಕಾಲು ಹಿಂದಕ್ಕೆ ಎಳೆಯುತ್ತಿತ್ತು. ಉದ್ದ ಕೋಟಿನ ಪ್ರತಿಯೊಬ್ಬನೂ ಪೊಲೀಸನೇ. ಒಬ್ಬ ಗಡಿಯಾರ ನೋಡಿಕೊಂಡರೂ ನಾನು ಎದ್ದು ಇನ್ನೊಂದು ಸೀಟಿಗೆ ಸರಿಯುತ್ತಿದ್ದೆ.

ಆಮೇಲೆ ಉಗುರು ಕಣ್ಣಿಗೆ ಬಿತ್ತು. ದಿನವಿಡೀ ಬಣ್ಣ ಕರಗಿಸುವವನ ಉಗುರಿನಲ್ಲಿ ಬಣ್ಣವಿಲ್ಲದೆ ಏನಿರುತ್ತದೆ? ಹಸಿರಿತ್ತು, ಬೆಳ್ಳಿಯಿತ್ತು. ತಿಕ್ಕುವವನ ಉಗುರಿಗೂ ಬಳಿಯುವವನ ಉಗುರಿಗೂ ಪೊಲೀಸರ ಕಣ್ಣಿಗೆ ಏನು ವ್ಯತ್ಯಾಸ? ಯಾರ್ಡಿನಿಂದ ಬಾಟಲಿಯಲ್ಲಿ ಥಿನ್ನರ್ ತಂದು, ಮನೆಯ ಬಚ್ಚಲಲ್ಲಿ ಕೂತು, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಚರ್ಮ ಎದ್ದು ಬರುವವರೆಗೂ ತಿಕ್ಕಿದೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಕೈ ತೋರಸ್ರಿ ಇಲ್ಲೆ."

"ಏನಿಲ್ಲ. ಕೆಲಸದ ಹೊಲಸು."

"ಹೊಲಸು ತಗೀಲಿಕ್ಕೆ ಹೋಗಿ ತೊಗಲ ತಗದೀರಲ್ಲರೀ. ದಿನಾ ಹತ್ತು ಮಂದೀಗೆ ಪಟ್ಟಿ ಕಟ್ಟಿ ಬರತೀನಿ, ಮನ್ಯಾಗೂ ಕಟ್ಟಬೇಕೇನು? ಏನಾಗೇತಿ ಹೇಳ್ರಿ."

"ಗುರುವಾರ ಆಫೀಸಿಗೆ ಹೋಗಬೇಕಲ್ಲ. ಕೈ ಸ್ವಚ್ಛ ಇರಲಿ ಅಂತ."

ಅವಳು ಮುಲಾಮು ಹಚ್ಚಿದಳು. ಮತ್ತೆ ಕೇಳಲಿಲ್ಲ. ನಾನು ಹೇಳಲಿಲ್ಲ. ನಿನ್ನ ಕಾಗದಕ್ಕೆ ಪಿನ್ನು ಹಾಕಿದ ನನ್ನ ಕಾಗದವನ್ನು ನಾನೇ ಒಂದು ಫೋಟೋದ ಆಸೆಗೆ ಹರಿದುಕೊಂಡೆ ಅಂತ ಯಾವ ಬಾಯಿಂದ ಹೇಳಲಿ? ನನ್ನನ್ನು ವಾಪಸ್ ಕಳಿಸಿದರೆ ಅವಳು ಒಬ್ಬಳೇ ಉಳಿಯಬೇಕು, ಇಲ್ಲವೇ ನನಗೋಸ್ಕರ ಎಲ್ಲ ಬಿಟ್ಟು ಬರಬೇಕು. ಎರಡನ್ನೂ ಯೋಚಿಸಿ ನೋಡಿದೆ. ಎರಡೂ ಆಗುವ ಮಾತಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಶೆಡ್ಡಿಗೆ ಪೊಲೀಸ್ ಬಂದ. ಬಿಳಿ ಮೀಸೆಯ ದಪ್ಪ ಮನುಷ್ಯ. ಕೈಯಲ್ಲಿ ರಟ್ಟಿನ ಪೆಟ್ಟಿಗೆ. ಗ್ಯಾಂಗಿನವರನ್ನೆಲ್ಲ ಗೋಡೆಗೆ ನಿಲ್ಲಿಸಿ, ಫೋಟೋ ತೆಗೆಯುವವರು ಯಾರು ಅಂತ ಕೇಳಿದ. ನಾನು ಮುಂದೆ ಬಂದೆ. ಮೇಜಿನ ಮೇಲೆ ಪ್ರಿಂಟುಗಳನ್ನು ಒಂದೊಂದಾಗಿ ಇಡತೊಡಗಿದ. ಎಲ್ಲವೂ ನನ್ನವೇ. ಇಷ್ಟು ಹೆದರಿಕೆಯ ನಡುವೆಯೂ ಒಂದು ಮಾತು ಮನಸ್ಸಿಗೆ ಬಂತು: ಪೊಲೀಸರ ಲ್ಯಾಬು ಪ್ರಿಂಟನ್ನು ಚೆನ್ನಾಗಿ ತೊಳೆದಿದೆ, ಕಪ್ಪು ಕಪ್ಪಾಗಿದೆ.

ಈ ಡಬ್ಬಿ ಎಂದು ಬಂತು, ಈ ಸಹಿ ಮೊದಲು ಎಲ್ಲಿ ನೋಡಿದ್ದೆ ಅಂತ ಕೇಳುತ್ತ ಹೋದ. ನಾನು ನನ್ನ ಮುರುಕು ಡಚ್ಚಿನಲ್ಲಿ ಉತ್ತರ ಕೊಟ್ಟೆ. ಒಳಗೊಳಗೇ ಎಣಿಸುತ್ತಿದ್ದೆ. ಮೂವತ್ತೆರಡು, ಮೂವತ್ಮೂರು. ಮೂವತ್ತಾರನೆಯದನ್ನು ಇಟ್ಟು ಅವನು ಪೆಟ್ಟಿಗೆಗೆ ಕೈ ಹಾಕಿದಾಗ ನನ್ನ ಬಾಯಿಂದ ಮಾತು ತಾನಾಗಿ ಹೊರಬಿತ್ತು.

"ಇನ್ನೊಂದು ನನ್ನದು. ಅದರಲ್ಲಿ ನಾನಿದ್ದೇನೆ."

ಅವನು ಕೈ ನಿಲ್ಲಿಸಿ ನನ್ನನ್ನು ನೋಡಿದ. ಆಮೇಲೆ ಪ್ರಿಂಟನ್ನು ತೆಗೆದು ಮೇಜಿನ ನಡುವೆ ಇಟ್ಟ. ನಾನು ಅದನ್ನು ನೋಡಲಿಲ್ಲ. ನೋಡಲಾಗಲಿಲ್ಲ. ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಫೋಟೋದ ಮೇಲೆ ಬಗ್ಗಿದ.

"ಇದನ್ನು ತೆಗೆದವರು ಯಾರು?" ಅಂತ ಕೇಳಿದ.

ನನ್ನ ತಪ್ಪಿಗೆ ಇನ್ನೊಬ್ಬನ ಹೆಸರು ಹೇಳುವವನಲ್ಲ ನಾನು. ಹಿಂದಿನಿಂದ ಬೂಟಿನ ಸಪ್ಪಳವಾಯಿತು. ಮುಕಾದಮ ಬಂದು ನನ್ನ ಪಕ್ಕ ನಿಂತ.

"ನಾನು," ಅಂದ. "ಶುಕ್ರವಾರ ಮಧ್ಯಾಹ್ನ. ಊರಿಗೆ ಕಳಿಸೋಕೆ ಅಂತ."

"ಕೆಟ್ಟ ಫೋಟೋ," ಅಂದ ಪೊಲೀಸ್. "ಪಾದಗಳೇ ಇಲ್ಲ." ಭೂತಗನ್ನಡಿಯನ್ನು ನನ್ನ ಕಡೆ ತಳ್ಳಿ ಬೆರಳಿಟ್ಟು ತೋರಿಸಿದ. ನನ್ನ ಮುಷ್ಟಿಯ ಮೇಲೆ ಕೆಂಪು ಮುಚ್ಚಳ ಭದ್ರವಾಗಿ ಕೂತಿತ್ತು. "ಮುಚ್ಚಳ ತೆಗೆಯದೆ, ಟೈ ಕಟ್ಟಿಕೊಂಡು ರೈಲಿಗೆ ಬಣ್ಣ ಹಚ್ಚುವವನನ್ನು ನಾನು ಈವರೆಗೆ ಹಿಡಿದಿಲ್ಲ."

ಯಾರೋ ನಕ್ಕರು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವನು ನೆಗೆಟಿವಿನ ಪಟ್ಟಿಯಿಂದ ಕೊನೆಯದನ್ನು ಕತ್ತರಿಸಿ, ಪ್ರಿಂಟಿನ ಜೊತೆ ನನ್ನ ಕೈಗೆ ಕೊಟ್ಟು, ಉಳಿದವನ್ನು ಪೆಟ್ಟಿಗೆಗೆ ತುಂಬಿಕೊಂಡು ಹೋದ. ಬಣ್ಣ ಬಳಿದವರು ಸಿಕ್ಕರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

"ತೆಗೆದವನ ಮಾರಿ ಬರಂಗಿಲ್ಲ ಅಂದಿದ್ದಿ," ಅಂದೆ ಮುಕಾದಮನಿಗೆ.

"ಸುಮ್ಮನಿದ್ದಿದ್ದರ, ಪಾದ ಕತ್ತರಿಸಿ ಓಡಿಹೋದ ಅಂತ ನೀ ಊರೆಲ್ಲ ಹೇಳ್ತಿದ್ದಿ. ಅದಕ್ಕಿಂತ ಜೈಲು ಚಲೋ," ಅಂದ.

ಇಲ್ಲಿಗೆ ಮುಗಿಯಬೇಕಿತ್ತು. ಫೋಟೋ ಜೇಬಿನಲ್ಲಿತ್ತು. ಪಾದ ಇಲ್ಲದಿದ್ದರೇನು, ಅರ್ಧ ಆಳಿನ ಫೋಟೋ ಅಂತ ಕತ್ತರಿಸಿ ಚೌಕಟ್ಟು ಹಾಕಿದರೆ ಷೋಕೇಸಿಗೆ ಒಪ್ಪುತ್ತಿತ್ತು. ಅಂಚೆಗೆ ಹಾಕುವ ಬದಲು ನಾನು ಮೆಟ್ರೋ ಹತ್ತಿದೆ. ಬೆಳಗಾದರೆ ಠಸ್ಸೆ. ಕಚೇರಿಯಲ್ಲಿ ಜೇಬು ನೋಡಿದರೆ? ಪತ್ರ ಒಡೆದು ಓದಿದರೆ? ಆ ಮೀಸೆಯವನಿಗೆ ತಿಳಿದದ್ದು ಇನ್ನೊಬ್ಬನಿಗೆ ತಿಳಿಯದಿದ್ದರೆ? ಮೊದಲ ನಿಲ್ದಾಣದಲ್ಲಿ ಇಳಿದೆ. ಪ್ರಿಂಟನ್ನು ಎರಡಾಗಿ ಹರಿದು ಅರ್ಧವನ್ನು ಕಸದ ಡಬ್ಬಿಗೆ ಹಾಕಿದೆ. ಮುಂದಿನ ನಿಲ್ದಾಣದಲ್ಲಿ ಉಳಿದರ್ಧ. ಮೂರನೆಯದರಲ್ಲಿ, ನೆಗೆಟಿವನ್ನು ಹಲ್ಲಿನಿಂದ ಕಚ್ಚಿ ಸೀಳಿ ಹಳಿಯ ಮೇಲೆ ಎಸೆದೆ. ಹನ್ನೊಂದು ವರ್ಷದಲ್ಲಿ ಗಿರಾಕಿಯ ಕೆಟ್ಟ ಪ್ರಿಂಟನ್ನೂ ಹರಿಯದೆ ಎತ್ತಿಟ್ಟ ಕೈ ಇದು.

ಗುರುವಾರ ಪೊಲೀಸ್ ಕಚೇರಿಯ ಕಿಟಕಿಯಲ್ಲಿದ್ದ ಹೆಣ್ಣುಮಗಳು ನನ್ನ ಮುಖವನ್ನೂ ನೋಡದೆ ಠಸ್ಸೆ ಹೊಡೆದಳು.

ಮಾಲಕರು ಮತ್ತೊಮ್ಮೆ ಬರೆದರು. ನಮ್ಮ ಷೋಕೇಸು ನಿನಗ ಸಣ್ಣದಾತೇನು ಅಂತ. ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಈಗ ಬರೆಯೋಣವೆಂದರೆ ಆ ಸ್ಟುಡಿಯೋ ಇಲ್ಲ, ಅವರೂ ಇಲ್ಲ.

ಹೋದ ತಿಂಗಳಿನ ಆ ಭಾನುವಾರ ಮಗಳು ಎರಡು ಬೆರಳಿನಿಂದ ಚಿತ್ರವನ್ನು ದೊಡ್ಡದು ಮಾಡಿದಳು. ಪಾಟಿ ದೊಡ್ಡದಾಯಿತು, ಹೆಬ್ಬೆರಳು ದೊಡ್ಡದಾಯಿತು. ಅವಳು ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಅಪ್ಪಾ. ಕೈ ಮ್ಯಾಲೆ ತಗೀರಿ."

ಎಲ್ಲ ಹೇಳಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ. ಸೋಫಾದಲ್ಲಿ ಕಣ್ಣು ಮುಚ್ಚಿ ಮಲಗಿದ್ದ ನನ್ನ ಹೆಂಡತಿ ಕಣ್ಣು ತೆರೆಯದೆಯೇ ಅಂದಳು, "ಅದಕ್ಕಾಗೇ ಏನು ಅವತ್ತು ಉಗುರು ತಿಕ್ಕೊಂಡದ್ದು?"

"ಆ ಥರ್ಟಿಸೆವೆನ್ ಹರದೇ ಬಿಟ್ರಾ?" ಅಂದಳು ಮಗಳು. ಅವಳಿಗೆ ಸಿಟ್ಟು ಬಂದಿತ್ತು. "ನಾನು ಮ್ಯೂಸಿಯಮ್‌ಗೆ ಮೇಲ್ ಮಾಡ್ತೀನಿ. ಇವೆಲ್ಲ ನಮ್ಮಪ್ಪ ತಗದದ್ದು ಅಂತ. ಏನಂತ ಬರೀಲಿ, ಕ್ಲೀನರ್ ಅಂತೇನು?"

"ಫೋಟೋಗ್ರಾಫರ್ ಅಂತ ಬರಿ."

ಅವಳು ಟೈಪು ಮಾಡಿದಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟಾಗ ನಾನು ಅವಳ ಕೈ ಹಿಡಿದೆ.

"ತಡಿ. ಇದರಿಂದ ಏನೂ ತ್ರಾಸ ಆಗಂಗಿಲ್ಲಲ್ಲ?"

ಅವಳು ನಗಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದಳು. "ಅಪ್ಪಾ, ನೀವು ಡಚ್ ಇದ್ದೀರಿ. ನನ್ನಕಿಂತ ಮೊದಲ ಪಾಸ್‌ಪೋರ್ಟ್ ತಗೊಂಡೀರಿ."

"ಗೊತ್ತೈತಿ. ಆದ್ರೂ ನಾಳೆ ಕಳಸು."

ಅದಾಗಿ ಮೂರು ವಾರವಾಯಿತು. ಪ್ರತಿ ಭಾನುವಾರ ಅವಳು ಕೇಳುತ್ತಾಳೆ, ನಾನು ನಾಳೆ ಅನ್ನುತ್ತೇನೆ. ಅದರ ಬದಲಿಗೆ ಇದನ್ನು ಬರೆದೆ. ಬರೆದು ಮುಗಿಸಿ ಕೆಳಗೆ ನನ್ನ ಹೆಸರು ಹಾಕಿದ್ದೆ. ಬೆಳಿಗ್ಗೆ ಎದ್ದು ಆ ಹೆಸರನ್ನು ಹೊಡೆದು ಹಾಕಿದೆ.